ತಪ್ಪುಗಳನ್ನು ಓದಿದ ಅಧ್ಯಾಪಿಕೆ

ನ್ಯೂಯಾರ್ಕ್ ನಗರದ ಹಾರ್ಲೆಂ ಭಾಗದಲ್ಲಿ, ಒಂದು ದಿಣ್ಣೆಯ ಮೇಲೆ, ಕಗ್ಗಲ್ಲಿನಿಂದ ಕಟ್ಟಿದ, ನೋಡಲು ಇಗರ್ಜಿಯಂತಿರುವ ಕಟ್ಟಡಗಳ ಒಂದು ಗುಂಪಿದೆ. ಅದೇ ಸಿಟಿ ಕಾಲೇಜು. 1847ರಲ್ಲಿ ನಗರದ ಮತದಾರರೇ ಒಪ್ಪಿಗೆಯಿತ್ತು ಸ್ಥಾಪಿಸಿಕೊಂಡ ವಿದ್ಯಾಲಯವಿದು. ಇದಕ್ಕಾಗಿ ಹೋರಾಡಿದ ಟೌನ್ಸೆಂಡ್ ಹ್ಯಾರಿಸ್ ಎಂಬ ವರ್ತಕ ಮುಂದೆ ಜಪಾನಿನಲ್ಲಿ ಅಮೆರಿಕದ ಮೊದಲ ಕಾನ್ಸಲ್ ಆಗಿ ಹೆಸರಾದವನು. ಬಡವ ಬಲ್ಲಿದರ ಮಕ್ಕಳಿಗೆ ಒಂದೇ ಬಾಗಿಲು ಎಂಬುದು ಅವನ ಹಂಬಲ. ಕಾಲೇಜಿನಲ್ಲಿ ಶುಲ್ಕವೆಂಬುದೇ ಇರಲಿಲ್ಲ. ಯೂರೋಪಿನಿಂದ ಬರಿಗೈಯಲ್ಲಿ ಬಂದ ದರ್ಜಿಗಳ, ತಳ್ಳುಗಾಡಿ ವ್ಯಾಪಾರಿಗಳ ಮಕ್ಕಳು ಇಲ್ಲಿ ಓದಿ ವಿಜ್ಞಾನಿಗಳೂ ನ್ಯಾಯವಾದಿಗಳೂ ಆದರು. ಪೋಲಿಯೋ ಲಸಿಕೆಯ ಜೋನಸ್ ಸಾಕ್ 1934ರಲ್ಲಿ ಪದವಿ ಪಡೆದದ್ದು ಇಲ್ಲಿಯೇ. ಜನ ಇದನ್ನು ಬಡವರ ಹಾರ್ವರ್ಡ್ ಎಂದು ಕರೆದುದರಲ್ಲಿ ಅತಿಶಯವೇನೂ ಇಲ್ಲ.

ಹಣವಿಲ್ಲದವರಿಗೆ ತೆರೆದಿದ್ದ ಈ ಬಾಗಿಲು ಅಂಕವಿಲ್ಲದವರಿಗೆ ಮಾತ್ರ ಮುಚ್ಚಿತ್ತು. 1960ರ ದಶಕದ ಹೊತ್ತಿಗೆ ಕಾಲೇಜಿನ ಸುತ್ತಣ ಬೀದಿಗಳಲ್ಲಿ ವಾಸವಾಗಿದ್ದವರು ಬಹುಮಟ್ಟಿಗೆ ಕರಿಯ ಜನ, ಪೋರ್ಟೊರಿಕೊ ದ್ವೀಪದಿಂದ ಬಂದವರು. ಒಳಗಿನ ತರಗತಿಗಳಲ್ಲಿ ಇದ್ದವರು ಹೆಚ್ಚಾಗಿ ಬಿಳಿಯರು. 1969ರ ಏಪ್ರಿಲಿನಲ್ಲಿ ಒಳಗಿದ್ದ ಸ್ವಲ್ಪ ಮಂದಿ ಕರಿಯ ಹಾಗೂ ಪೋರ್ಟೊರಿಕನ್ ವಿದ್ಯಾರ್ಥಿಗಳು ಕಾಲೇಜಿನ ದಕ್ಷಿಣ ಭಾಗದ ಗೇಟುಗಳಿಗೆ ಬೀಗ ಹಾಕಿಕೊಂಡು ಸುಮಾರು ಎರಡು ವಾರ ಕುಳಿತರು. ನಗರದ ಪ್ರೌಢಶಾಲೆಗಳಲ್ಲಿ ಎಂಥ ಮಕ್ಕಳಿದ್ದಾರೋ ಕಾಲೇಜಿನಲ್ಲೂ ಅಂಥವರೇ ಇರಬೇಕು ಎಂಬುದು ಅವರ ಬೇಡಿಕೆಗಳಲ್ಲಿ ಮುಖ್ಯವಾದದ್ದು. 1975ಕ್ಕೆಂದು ಯೋಚಿಸಿದ್ದ ಮುಕ್ತ ಪ್ರವೇಶವನ್ನು ಆಡಳಿತದವರು 1970ಕ್ಕೇ ಜಾರಿಗೆ ತಂದುಬಿಟ್ಟರು. ನಗರದ ಪ್ರೌಢಶಾಲೆಯಲ್ಲಿ ತೇರ್ಗಡೆಯಾದ ಯಾರಿಗೇ ಆಗಲಿ, ನಗರ ವಿಶ್ವವಿದ್ಯಾನಿಲಯದ ಯಾವುದಾದರೊಂದು ಕಾಲೇಜಿನಲ್ಲಿ ಸ್ಥಾನವುಂಟು ಎಂದಾಯಿತು. ಆ ವರ್ಷ ವಿಶ್ವವಿದ್ಯಾನಿಲಯಕ್ಕೆ ಹೊಸದಾಗಿ ಸೇರಿದವರು ಸುಮಾರು 35 ಸಾವಿರ. ಹಿಂದಿನ ವರ್ಷಕ್ಕಿಂತ ಮುಕ್ಕಾಲು ಪಾಲು ಹೆಚ್ಚು.

ಬಾಗಿಲು ತೆರೆಯುವುದು ಒಂದು ಠರಾವಿನ ಕೆಲಸ. ಒಳಗೆ ಬಂದವನನ್ನು ಏನು ಮಾಡಬೇಕೆಂಬುದಕ್ಕೆ ಯಾವ ಠರಾವೂ ಸಾಲದು. ಸೇರಿದವರೆಲ್ಲ ಮೊದಲು ಒಂದು ಪ್ರಬಂಧ ಬರೆಯಬೇಕಿತ್ತು. ಆ ಬರವಣಿಗೆಯನ್ನು ನೋಡಿ ಎಷ್ಟೋ ಅಧ್ಯಾಪಕರು ದಿಗ್ಭ್ರಾಂತರಾದರು. ಷೇಕ್ಸ್‌ಪಿಯರ್, ಮಿಲ್ಟನ್ ಕಲಿಸಲು ಸಿದ್ಧರಾಗಿ ಬಂದವರು ಅವರು. ಮುಂದಿದ್ದ ಹಾಳೆಯಲ್ಲಿ ವಾಕ್ಯ ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆಂಬುದೇ ತಿಳಿಯದು. ಹನ್ನೆರಡು ವರ್ಷ ಶಾಲೆಯಲ್ಲಿ ಕುಳಿತು ಬಂದವರ ಬರಹ ಇದು! ಇವರಿಗೆ ಕಲಿಸುವುದು ಸಾಧ್ಯವೇ ಇಲ್ಲ ಎಂದವರೇ ಹೆಚ್ಚು. ಆ ಮಾತು ಬರಿಯ ಬೇಸರದ ಮಾತಾಗಿರಲಿಲ್ಲ. ಅದು ನಿಜವೆಂದು ಸ್ಥಾಪಿತವಾದರೆ ಮುಕ್ತ ಪ್ರವೇಶವೇ ಅರ್ಥವಿಲ್ಲದ್ದಾಗಿ, ತೆರೆದ ಬಾಗಿಲನ್ನು ಮತ್ತೆ ಮುಚ್ಚುವುದಕ್ಕೆ ಯಾರ ಅಡ್ಡಿಯೂ ಇರುತ್ತಿರಲಿಲ್ಲ.

ಆ ಹಾಳೆಗಳ ಮುಂದೆ ಕುಳಿತು, ಏಳದೆ, ಅವನ್ನು ಓದಿದವರು ಮೀನಾ ಷಾನೆಸ್ಸಿ.

ಮೀನಾ ಎಂದೊಡನೆ ನಮ್ಮ ಕಡೆಯ ಹೆಸರೆಂದು ತೋರೀತು. ಆಕೆ ಅಪ್ಪಟ ಅಮೆರಿಕದವರು. ಹುಟ್ಟಿದ್ದು 1924ರಲ್ಲಿ, ಸೌತ್ ಡಕೋಟ ರಾಜ್ಯದ ಲೀಡ್ ಎಂಬ ಊರಿನಲ್ಲಿ. ಹೋಂಸ್ಟೇಕ್ ಚಿನ್ನದ ಗಣಿಯನ್ನು ನಂಬಿಕೊಂಡು ಬದುಕಿದ ಊರು ಅದು. ತಂದೆಯೂ ಗಣಿ ಕೆಲಸಗಾರರೇ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ನಾಟಕವನ್ನು ಅಭ್ಯಾಸ ಮಾಡಿ, 1946ರಲ್ಲಿ ಪದವಿ ಪಡೆದು, ನಟಿಯಾಗುವ ಆಸೆಯಿಂದ ನ್ಯೂಯಾರ್ಕಿಗೆ ಬಂದರು. ರಂಗಭೂಮಿ ಕೈಹಿಡಿಯಲಿಲ್ಲ. ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ 1951ರಲ್ಲಿ ಎಂ. ಎ. ಆಯಿತು. ರೇಮಂಡ್ ಫಾಸ್ಡಿಕ್ ಬರೆಯುತ್ತಿದ್ದ ಕಿರಿಯ ರಾಕೆಫೆಲರನ ಜೀವನಚರಿತ್ರೆಗೆ ಸಂಶೋಧನ ಸಹಾಯಕಿಯಾಗಿ ದುಡಿದರು. ಪ್ರಕಾಶನ ಸಂಸ್ಥೆಯೊಂದರಲ್ಲಿ ಇತರರ ಬರವಣಿಗೆಯನ್ನು ಒಪ್ಪಮಾಡಿದರು. ಕಾಲೇಜುಗಳಲ್ಲಿ ಪಾಠ ಹೇಳಿದರು. ಡಾಕ್ಟರೇಟ್ ಪದವಿ ಆಕೆಗೆ ಕೊನೆಯವರೆಗೂ ಇರಲಿಲ್ಲ. 1967ರಲ್ಲಿ ಸಿಟಿ ಕಾಲೇಜಿಗೆ ಬಂದದ್ದು ‘ಸೀಕ್’ ಎಂಬ ಯೋಜನೆಯ ಅಧ್ಯಾಪಿಕೆಯಾಗಿ. ಬಡ ಬಡಾವಣೆಗಳ ತರುಣರಿಗೆ ಸ್ವಲ್ಪ ವೇತನವನ್ನೂ ಕೊಟ್ಟು ಕಾಲೇಜಿಗೆ ಅಣಿಗೊಳಿಸುವ ಯೋಜನೆ ಅದು. ಏಡ್ರಿಯನ್ ರಿಚ್, ಆಡ್ರೆ ಲಾರ್ಡ್ ಮುಂತಾದ ಕವಯಿತ್ರಿಯರೂ ಅದರಲ್ಲಿ ಪಾಠ ಮಾಡಿದವರೇ. 1970ರಲ್ಲಿ ಬಾಗಿಲು ಪೂರ್ತಿ ತೆರೆದಾಗ ಬರವಣಿಗೆ ಕಲಿಸುವ ವಿಭಾಗದ ಹೊಣೆ ಮೀನಾ ಅವರ ಹೆಗಲಿಗೆ ಬಿತ್ತು.

ಮೊದಲ ಕಂತೆಗಳನ್ನು ಓದಿದಾಗ ತಮಗೂ ದಿಕ್ಕು ತೋಚಲಿಲ್ಲವೆಂದು ಆಕೆಯೇ ಬರೆದಿದ್ದಾರೆ. ಹಾಳೆಯಲ್ಲಿ ಏನು ಕೆಟ್ಟಿದೆಯೆಂಬುದು ಕಾಣುತ್ತಿತ್ತು. ಏಕೆ ಕೆಟ್ಟಿದೆಯೆಂಬುದು ಕಾಣುತ್ತಿರಲಿಲ್ಲ. ಕೆಂಪು ಶಾಯಿಯ ಪೆನ್ನು ಹಿಡಿದ ಯಾರಿಗೂ ಈ ಎರಡನೆಯ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಗೀಟೆಳೆದು ಮುಂದೆ ಹೋಗುವುದೇ ಪದ್ಧತಿ. ಮೀನಾ ಅಲ್ಲಿ ನಿಂತರು. 1970ರಿಂದ 1974ರವರೆಗೆ ಸಿಟಿ ಕಾಲೇಜಿಗೆ ಸೇರಿದವರು ಬರೆದ ಸುಮಾರು 4,000 ಪ್ರವೇಶ ಪ್ರಬಂಧಗಳನ್ನು ಶಾಸನಗಳನ್ನು ಓದುವವರ ತಾಳ್ಮೆಯಿಂದ ಪರಿಶೀಲಿಸಿದರು. ಆ ಓದಿನ ಫಲವೇ 1977ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಪ್ರಕಟಿಸಿದ ‘ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್’ ಎಂಬ ಗ್ರಂಥ. ತಪ್ಪುಗಳು ಮತ್ತು ನಿರೀಕ್ಷೆಗಳು ಎಂದು ಅದರ ಅರ್ಥ.

ಈ ಗ್ರಂಥದ ಸ್ವಾರಸ್ಯ ಅದರ ಉದಾಹರಣೆಗಳಲ್ಲಿದೆ. ಇಂಗ್ಲಿಷಿನಲ್ಲಿ ಪದದ ತುದಿಗೆ ಹತ್ತುವ ‘ಸ್’ ಅಕ್ಷರವನ್ನೇ ನೋಡಿ. ‘ಬುಕ್’ ಎಂದರೆ ಒಂದು, ‘ಬುಕ್ಸ್’ ಎಂದರೆ ಹಲವು. ಇಷ್ಟನ್ನು ಮನಸ್ಸಿಟ್ಟು ಕಲಿತ ಹುಡುಗ ಕ್ರಿಯಾಪದಕ್ಕೆ ಬರುತ್ತಾನೆ. ಅಲ್ಲಿ ಒಬ್ಬನಾದರೆ ‘ಹಿ ವರ್ಕ್ಸ್’, ಹಲವರಾದರೆ ‘ದೇ ವರ್ಕ್’! ಬಹುವಚನವೆಂದು ನಂಬಿದ್ದ ಅಕ್ಷರ ಇಲ್ಲಿ ಏಕವಚನದ ಗುರುತಾಗಿ ನಿಂತಿದೆ. ಆತ ‘ದೇ ವರ್ಕ್ಸ್’ ಎಂದು ಬರೆದರೆ ಅದು ಮೈಗಳ್ಳತನವಲ್ಲ. ಕಲಿತ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದು. ಜೊತೆಗೆ ಮನೆಯಲ್ಲಿ ಆಡುವ ಇಂಗ್ಲಿಷಿನಲ್ಲಿ ಕ್ರಿಯಾಪದದ ‘ಸ್’ ಇಲ್ಲವೇ ಇಲ್ಲ. ಆ ಮನೆಮಾತಿಗೂ ಅದರದೇ ಆದ ಕಟ್ಟುನಿಟ್ಟಾದ ವ್ಯಾಕರಣವುಂಟೆಂಬುದನ್ನು ಭಾಷಾಶಾಸ್ತ್ರಜ್ಞ ವಿಲಿಯಂ ಲಬೋವ್ ಅದೇ ಹಾರ್ಲೆಮಿನ ತರುಣರ ಮಾತನ್ನು ಅಭ್ಯಸಿಸಿ ಆಗಲೇ ತೋರಿಸಿಕೊಟ್ಟಿದ್ದರು. ಇಂಗ್ಲಿಷ್ ಕಲಿಯಹೊರಟ ನಮ್ಮವರೂ ಇದೇ ‘ಸ್’ ಕಾರದಲ್ಲಿ ಎಡವಿದ್ದೇವಷ್ಟೆ. ಏಕೆ ಎಡವಿದೆವೆಂದು ನಮ್ಮ ಮೇಷ್ಟರುಗಳು ಕೇಳಲಿಲ್ಲ.

ಅಲ್ಪವಿರಾಮದ ಕಥೆಯೂ ಅಂಥದೇ. ಮಾತನಾಡುವಾಗ ಉಸಿರು ನಿಲ್ಲುವ ಕಡೆಯಲ್ಲೆಲ್ಲ ಈ ಮಕ್ಕಳು ಒಂದು ಅಲ್ಪವಿರಾಮ ಹಾಕುತ್ತಿದ್ದರು. ಕಿವಿಯಿಂದ ಭಾಷೆಯನ್ನು ಬಲ್ಲವರು ಮತ್ತೇನು ಮಾಡಿಯಾರು? ವಿರಾಮಚಿಹ್ನೆ ಉಸಿರಿಗಾಗಿ ಅಲ್ಲ, ವಾಕ್ಯದ ಅಂಗಗಳನ್ನು ಕಣ್ಣಿಗೆ ತೋರಿಸುವುದಕ್ಕಾಗಿ ಎಂಬುದು ಬಹಳ ಓದಿದವರಿಗೆ ಮಾತ್ರ ತಾನಾಗಿ ತಿಳಿಯುವ ಗುಟ್ಟು. ತೊಡಕಾದ ವಾಕ್ಯಗಳ ವಿಷಯದಲ್ಲಿ ಮೀನಾ ಅವರ ಶೋಧ ಇನ್ನೂ ಬೆರಗು ಹುಟ್ಟಿಸುವಂಥದು. ಅನೇಕ ವೇಳೆ ವಾಕ್ಯ ಮುರಿದು ಬೀಳುವುದು ಯೋಚನೆ ಬಡವಾದುದರಿಂದಲ್ಲ. ಯೋಚನೆ ದೊಡ್ಡದಾಗಿ, ಅದನ್ನು ಹೊರಬಲ್ಲ ವಾಕ್ಯರಚನೆ ಇನ್ನೂ ಕೈಗೆ ಬಂದಿಲ್ಲವಾದುದರಿಂದ. ‘ಆದರೂ’, ‘ಹೀಗಿರುವಲ್ಲಿ’ ಎಂಬಂಥ ವಿದ್ವಾಂಸರ ಶಬ್ದಗಳನ್ನು ಹಿಡಿದು ದೊಡ್ಡದಾಗಿ ಆರಂಭಿಸಿ ನಡುವೆ ದಾರಿ ತಪ್ಪುತ್ತಾರೆ. ಎಳೆಯ ಕೂಸಿನಂತೆ ಚಿಕ್ಕ ಚಿಕ್ಕ ವಾಕ್ಯ ಬರೆದುಕೊಂಡಿದ್ದರೆ ತಪ್ಪೇ ಬರುತ್ತಿರಲಿಲ್ಲ.

ಪ್ರಬಂಧದ ಮೊದಲ ವಾಕ್ಯವನ್ನು ಬರೆದು, ಹೊಡೆದು, ಮತ್ತೆ ಬರೆದು, ಮತ್ತೆ ಹೊಡೆದು, ಕೊಟ್ಟ ಹೊತ್ತನ್ನೆಲ್ಲ ಅದರಲ್ಲೇ ಕಳೆದ ವಿದ್ಯಾರ್ಥಿಯ ಪ್ರಯತ್ನಗಳನ್ನು ಆಕೆ ಒಂದರ ಕೆಳಗೊಂದರಂತೆ ಅಚ್ಚು ಹಾಕಿಸಿದ್ದಾರೆ. ಅದನ್ನು ಓದುವಾಗ ಎದೆ ಭಾರವಾಗುತ್ತದೆ. ಅಂಕ ಹಾಕುವವನ ಕಣ್ಣಿಗೆ ಅದು ಬರಿಯ ಖಾಲಿ ಉತ್ತರ. ತಪ್ಪಾದೀತೆಂಬ ಭಯವೇ ಬರೆಯುವ ಕೈಯನ್ನು ಹಿಡಿದುಬಿಟ್ಟಿದೆಯೆಂಬುದು ಮೀನಾ ಅವರ ಓದು.

ಇದನ್ನೆಲ್ಲ ಕೇಳಿ ಆಕೆ ತಪ್ಪನ್ನು ತಪ್ಪಲ್ಲವೆಂದರೆಂದು ತಿಳಿಯಬಾರದು. ಓದುವವನ ಸಹನೆಗೆ ಒಂದು ಮಿತಿಯಿದೆ, ಪ್ರತಿಯೊಂದು ತಪ್ಪೂ ಅದರಲ್ಲಿ ಅಷ್ಟಷ್ಟನ್ನು ಖರ್ಚು ಮಾಡಿಸುತ್ತದೆ ಎಂದು ಆಕೆ ವ್ಯಾಪಾರಿಯ ಲೆಕ್ಕದಲ್ಲಿ ಹೇಳಿದರು. ಆಗ ಬಳಕೆಯಲ್ಲಿದ್ದ ‘ರೆಮಿಡಿಯಲ್’ ಎಂಬ ಮಾತನ್ನು ಬಿಟ್ಟು ‘ಬೇಸಿಕ್ ರೈಟಿಂಗ್’, ಎಂದರೆ ಮೂಲ ಬರವಣಿಗೆ ಎಂಬ ಹೆಸರನ್ನು ಹಿಡಿದರು. ಮೊದಲನೆಯ ಮಾತಿನಲ್ಲಿ ರೋಗ, ಔಷಧಿಗಳ ವಾಸನೆಯಿದೆ. ಈ ಮಕ್ಕಳು ರೋಗಿಗಳಲ್ಲ, ಆರಂಭದವರು; ಆರಂಭದವರೆಲ್ಲರಂತೆ ತಪ್ಪುತ್ತ ತಪ್ಪುತ್ತಲೇ ಕಲಿಯಬೇಕಾದವರು ಎಂಬುದು ಆಕೆಯ ವಾದದ ತಿರುಳು. ನಮ್ಮ ಭಾಷೆಗೆ ಈ ವಾದ ಹೊಸದಲ್ಲವೆಂದು ತೋರುತ್ತದೆ. ಮಗು ಮರಳಿನ ಮೇಲೆ ಅಕ್ಷರ ತಿದ್ದುತ್ತದೆ. ಗುರು ತಪ್ಪನ್ನು ತಿದ್ದುತ್ತಾನೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ.

1975ರಲ್ಲಿ ಆಕೆಯೂ ಸಹೋದ್ಯೋಗಿಗಳೂ ‘ಜರ್ನಲ್ ಆಫ್ ಬೇಸಿಕ್ ರೈಟಿಂಗ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಅದರ ಮೊದಲ ಸಂಚಿಕೆಯ ವಿಷಯವೇ ತಪ್ಪು. ಅದೇ ವರ್ಷದ ಡಿಸೆಂಬರಿನಲ್ಲಿ ಆಧುನಿಕ ಭಾಷಾ ಸಂಘದ ಅಧಿವೇಶನದಲ್ಲಿ ಮಾಡಿದ ಭಾಷಣದಲ್ಲಿ ಅವರು ಬೆಳೆಯಬೇಕಾದವರು ವಿದ್ಯಾರ್ಥಿಗಳೆಂಬ ಎಂದಿನ ಮಾತನ್ನು ಬಿಟ್ಟು ಅಧ್ಯಾಪಕರ ಬೆಳವಣಿಗೆಯನ್ನು ವರ್ಣಿಸಿದರು. ಅಧ್ಯಾಪಕ ಮೊದಮೊದಲು ಕೋಟೆಯ ಕಾವಲುಗಾರನಂತೆ ಅಯೋಗ್ಯರನ್ನು ತಡೆಯುತ್ತಾನೆ. ಆಮೇಲೆ ಪಾದ್ರಿಯಂತೆ ತನ್ನ ಸತ್ಯವನ್ನು ಇತರರಲ್ಲಿ ತುಂಬಹೊರಡುತ್ತಾನೆ. ಅದೂ ಸಾಗದಾದಾಗ ನೀರಿನ ಆಳ ಎಷ್ಟೆಂದು ನೋಡುತ್ತಾನೆ. ಕೊನೆಗೆ ತಾನೇ ಧುಮುಕುತ್ತಾನೆ. ಸಭೆಯಲ್ಲಿದ್ದ ಎಷ್ಟೋ ಪ್ರಾಧ್ಯಾಪಕರು ತಾವು ಯಾವ ಮೆಟ್ಟಿಲಲ್ಲಿದ್ದೇವೆಂದು ಒಳಗೊಳಗೇ ಎಣಿಸಿಕೊಂಡಿರಬೇಕು.

ಅಷ್ಟರಲ್ಲಿ ಕಾಲ ತಿರುಗಿತ್ತು. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಿತು. 1976ರ ಬೇಸಗೆಯಲ್ಲಿ ಸಂಬಳ ಕೊಡಲು ಹಣವಿಲ್ಲದೆ ವಿಶ್ವವಿದ್ಯಾನಿಲಯವೇ ಸುಮಾರು ಎರಡು ವಾರ ಮುಚ್ಚಿತು. ಆ ವರ್ಷವೇ ಶುಲ್ಕ ಬಂದಿತು. 129 ವರ್ಷಗಳ ಉಚಿತ ವಿದ್ಯೆ ಅಲ್ಲಿಗೆ ಮುಗಿಯಿತು. ಮೀನಾ ತರಬೇತಿ ಕೊಟ್ಟು ಅಣಿಮಾಡಿದ್ದ ಕಿರಿಯ ಅಧ್ಯಾಪಕರಲ್ಲಿ ಬಹುಮಂದಿ ಕೆಲಸ ಕಳೆದುಕೊಂಡರು. ಆಕೆಯ ಗ್ರಂಥ ಹೊರಬಂದು ಎಲ್ಲೆಡೆ ಹೊಗಳಿಕೆಯಾದಾಗ ಅದು ವರ್ಣಿಸುವ ತರಗತಿಗಳೇ ಕರಗುತ್ತಿದ್ದವು. 1978ರ ಫೆಬ್ರವರಿಯಲ್ಲಿ ಸಿಟಿ ಕಾಲೇಜಿನದೇ ಡೀನ್ ಥಿಯೋಡೋರ್ ಗ್ರಾಸ್, ಮುಕ್ತ ಪ್ರವೇಶ ಕಾಲೇಜನ್ನು ಕೊಂದಿತೆಂಬ ಧಾಟಿಯ ಲೇಖನವೊಂದನ್ನು ರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷದ ನವೆಂಬರ್ 16ರಂದು ಮೀನಾ ಷಾನೆಸ್ಸಿ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 54. ಬರೆದ ದೊಡ್ಡ ಗ್ರಂಥ ಒಂದೇ.

ಆಕೆಯನ್ನು ಟೀಕಿಸಿದವರೂ ಇದ್ದಾರೆ. 1979ರಲ್ಲಿ ಜಾನ್ ರೌಸ್ ಎಂಬವರು, ತಪ್ಪಿನ ಮೇಲೆ ಇಷ್ಟು ದೃಷ್ಟಿಯಿಡುವುದು ವಿದ್ಯಾರ್ಥಿಗಳನ್ನು ಹೇಳಿದಂತೆ ಕೇಳುವವರನ್ನಾಗಿ ಮಾಡುತ್ತದೆಂದು ಆಕ್ಷೇಪಿಸಿದರು. ಈ ಆಕ್ಷೇಪ ನನಗೆ ಹಿಡಿಸುವುದಿಲ್ಲ. ನೌಕರಿಯ ಅರ್ಜಿ ಬರೆಯಬೇಕಾದವನಿಗೆ ವ್ಯಾಕರಣದ ಹಂಗಿಲ್ಲದ ಸ್ವಾತಂತ್ರ್ಯವನ್ನು ಉಪದೇಶಿಸುವುದು ವ್ಯಾಕರಣ ಬಲ್ಲವನಿಗೆ ಸುಲಭ. 1991ರಲ್ಲಿ ಮಿನ್‌ಝಾನ್ ಲು ಎತ್ತಿದ ಪ್ರಶ್ನೆ ಬೇರೆ, ತೂಕದ್ದು. ಚೀನಾದಲ್ಲಿ ಮನೆಯೊಳಗೆ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಎಂಬ ಇಕ್ಕಟ್ಟಿನಲ್ಲಿ ಬೆಳೆದಾಕೆ ಅವರು. ಭಾಷೆಯೆಂದರೆ ಒಳಗಿನ ಅರ್ಥವನ್ನು ಸಾಗಿಸುವ ಬರಿಯ ಗಾಡಿಯೆಂಬಂತೆ ಮೀನಾ ಬರೆದರು. ಕಾಲೇಜಿನ ಭಾಷೆಯನ್ನು ಕಲಿತವನ ಯೋಚನೆಯೂ ಮನೆಯ ನಂಟೂ ಬದಲಾಗುತ್ತವೆಂಬುದನ್ನು ಗಣಿಸಲಿಲ್ಲ ಎಂಬುದು ಅವರ ವಾದ. ಇದರಲ್ಲಿ ಸತ್ಯವಿದೆ. ಹಾಗೆ ಬದಲಾಗುವ ಅವಕಾಶವಾದರೂ ಆ ಮಕ್ಕಳಿಗೆ ದೊರೆಯಬೇಕಿದ್ದರೆ ಮೊದಲು ಯಾರಾದರೂ ಅವರನ್ನು ಕಾಲೇಜಿನಲ್ಲಿ ಉಳಿಸಬೇಕಿತ್ತೆಂಬುದೂ ಅಷ್ಟೇ ಸತ್ಯ.

ಆಧುನಿಕ ಭಾಷಾ ಸಂಘ 1980ರಲ್ಲಿ ಮೀನಾ ಅವರ ಹೆಸರಿನಲ್ಲಿ ಒಂದು ಗ್ರಂಥ ಬಹುಮಾನವನ್ನು ಆರಂಭಿಸಿತು. ಸಿಟಿ ಕಾಲೇಜಿನಲ್ಲಿ ಮೂಲ ಬರವಣಿಗೆಯ ಪಾಠ ಕುಂಟುತ್ತ ಇನ್ನೆರಡು ದಶಕ ನಡೆಯಿತು. 1999ರ ಜನವರಿಯಲ್ಲಿ ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿ ನಾಲ್ಕು ವರ್ಷದ ಕಾಲೇಜುಗಳಲ್ಲಿ ಇಂಥ ತರಗತಿಗಳನ್ನು ಹಂತಹಂತವಾಗಿ ನಿಲ್ಲಿಸಲು ನಿರ್ಣಯಿಸಿತು. ನಿರ್ಣಯಕ್ಕಾಗಿ ಮುಂದೆ ನಿಂತು ವಾದಿಸಿದವರಲ್ಲಿ ಒಬ್ಬರು ಹರ್ಮನ್ ಬಡಿಯೊ. ಪೋರ್ಟೊರಿಕೊದಲ್ಲಿ ಹುಟ್ಟಿ, ಬಾಲ್ಯದಲ್ಲೇ ನ್ಯೂಯಾರ್ಕಿಗೆ ಬಂದು, ಶುಲ್ಕವಿಲ್ಲದ ಕಾಲದ ಸಿಟಿ ಕಾಲೇಜಿನಲ್ಲಿ 1951ರಲ್ಲಿ ಪದವಿ ಪಡೆದವರು ಅವರು. ಪ್ರವೇಶದ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಎರಡು ವರ್ಷದ ಸಮುದಾಯ ಕಾಲೇಜುಗಳಿಗೆ ಹೋಗಿ ಆ ಪಾಠವನ್ನು ಮುಗಿಸಿಕೊಂಡು ಬರಬೇಕೆಂದಾಯಿತು.