ಕಂಪ್ಯೂಟರಿಗೆ ಅರಬಿ ಕಲಿಸಿದ ಮುಹಮ್ಮದ್ ಅಶ್ಶಾರಿಖ್

ಯಮಾಮದ ಯುದ್ಧದಲ್ಲಿ ಕುರ್‌ಆನನ್ನು ಕಂಠಪಾಠ ಮಾಡಿದ್ದ ಅನೇಕ ಸಹಾಬಿಗಳು ಹುತಾತ್ಮರಾದಾಗ ಹ. ಉಮರ್(ರ) ಕಳವಳಗೊಂಡರು. ಅವರ ಸಲಹೆಯಂತೆ ಖಲೀಫಾ ಹ. ಅಬೂಬಕರ್(ರ) ಕುರ್‌ಆನನ್ನು ಸಂಗ್ರಹಿಸುವ ಹೊಣೆಯನ್ನು ಹ. ಝೈದ್ ಬಿನ್ ಸಾಬಿತ್(ರ)ರಿಗೆ ವಹಿಸಿದರು. ಚರ್ಮ, ಎಲುಬು, ಖರ್ಜೂರದ ದಿಂಡುಗಳ ಮೇಲಿದ್ದುದೂ ಜನರ ಎದೆಯಲ್ಲಿದ್ದುದೂ ಒಂದೆಡೆ ಸೇರಿತು. ಪಡೆದ ಜ್ಞಾನವನ್ನು ತನ್ನ ಕಾಲದ ಸಾಧನಕ್ಕೆ ಸಾಗಿಸಿ ಮುಂದಿನವರಿಗೆ ಒಪ್ಪಿಸುವ ಅಮಾನತ್ತು ಪ್ರತಿಯೊಂದು ತಲೆಮಾರಿನ ಮೇಲೂ ಇದೆ. ನಮ್ಮ ಕಾಲದಲ್ಲಿ ಅದರ ಒಂದು ದೊಡ್ಡ ಪಾಲನ್ನು ಹೊತ್ತವರು ಕುವೈತಿನ ಮುಹಮ್ಮದ್ ಅಬ್ದುರ್ರಹ್ಮಾನ್ ಅಶ್ಶಾರಿಖ್.

1942ರಲ್ಲಿ ಜನಿಸಿದ ಅಶ್ಶಾರಿಖ್ ಕೈರೋ ವಿಶ್ವವಿದ್ಯಾನಿಲಯದಲ್ಲಿಯೂ ಬಳಿಕ ಅಮೆರಿಕದ ವಿಲಿಯಮ್ಸ್ ಕಾಲೇಜಿನಲ್ಲಿಯೂ ಅರ್ಥಶಾಸ್ತ್ರ ಓದಿದರು. ಕಥೆಗಳನ್ನು ಬರೆದರು. ಕುವೈತಿನ ಇಂಡಸ್ಟ್ರಿಯಲ್ ಬ್ಯಾಂಕಿನ ಅಧ್ಯಕ್ಷರಾಗಿದ್ದರು. ಅವರು ಮದ್ರಸದ ಆಲಿಮರೂ ಅಲ್ಲ, ಇಂಜಿನಿಯರರೂ ಅಲ್ಲ. ಆದರೂ 1982ರಲ್ಲಿ, ಅರಬಿಯಲ್ಲೇ ಕೆಲಸ ಮಾಡುವ ಕಂಪ್ಯೂಟರ್ ಬೇಕೆಂದು ಸಂಸ್ಥೆಯೊಂದನ್ನು ಕಟ್ಟಿದರು. ಅದು 'ಸಖ್ರ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಸಖ್ರ್ ಎಂದರೆ ಬಂಡೆ.

ಕೆಲಸವೂ ಬಂಡೆಯಂತೆಯೇ ಕಠಿಣವಾಗಿತ್ತು. ಅರಬಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಪದದ ಆರಂಭ, ನಡು, ಅಂತ್ಯಗಳಲ್ಲಿ ಅಕ್ಷರದ ರೂಪ ಬದಲಾಗುತ್ತದೆ. ಸಾಮಾನ್ಯ ಬರವಣಿಗೆಯಲ್ಲಿ ಸ್ವರಚಿಹ್ನೆಗಳು ಇರುವುದಿಲ್ಲ. ಇವೆಲ್ಲಕ್ಕಿಂತ ಮಿಗಿಲಾದುದು ಪದಮೂಲದ ಸಮಸ್ಯೆ. ಕಾಫ್, ತಾ, ಬಾ ಎಂಬ ಮೂರೇ ಅಕ್ಷರಗಳಿಂದ ಕಿತಾಬ್, ಕಾತಿಬ್, ಮಕ್ತಬ್, ಮಕ್ತೂಬ್ ಮುಂತಾದ ಪದಗಳು ಹುಟ್ಟುತ್ತವೆ. ಇವೆಲ್ಲ ಒಂದೇ ಕುಟುಂಬವೆಂದು ತಿಳಿಯದ ಯಂತ್ರಕ್ಕೆ ಕುರ್‌ಆನಿನಲ್ಲಿ ಒಂದು ವಿಷಯವನ್ನು ಪೂರ್ಣವಾಗಿ ಹುಡುಕಲಾಗದು. ಯಂತ್ರಕ್ಕಾಗಿ ಭಾಷೆಯನ್ನು ಸರಳಗೊಳಿಸುವ ದಾರಿಯನ್ನು ಅಶ್ಶಾರಿಖ್ ಹಿಡಿಯಲಿಲ್ಲ. ಈಜಿಪ್ಟಿನ ನಬೀಲ್ ಅಲಿಯವರಂತಹ ವಿದ್ವಾಂಸರ ನೆರವಿನಿಂದ, ಅರಬಿಯ ವ್ಯಾಕರಣವನ್ನು ಯಂತ್ರಕ್ಕೇ ಕಲಿಸಿದರು.

1980ರ ದಶಕದಲ್ಲಿ ಅರಬ್ ನಾಡುಗಳ ಮನೆ, ಶಾಲೆಗಳಿಗೆ ಸಖ್ರ್ ಕಂಪ್ಯೂಟರ್ ಪ್ರವೇಶಿಸಿತು. ಕುರ್‌ಆನಿನ ಪಾಠವು ಪರದೆಯ ಮೇಲೆ ಮೂಡಿತು. ಮುಂದೆ ಬುಖಾರಿ, ಮುಸ್ಲಿಮ್ ಸಹಿತ ಆರು ಸಂಗ್ರಹಗಳೂ ಮುವತ್ತಾ, ಮುಸ್ನದ್ ಅಹ್ಮದ್, ದಾರಿಮಿಗಳೂ ಸೇರಿ ಒಂಬತ್ತು ಹದೀಸ್ ಗ್ರಂಥಗಳು ಒಂದೇ ಸಿ.ಡಿ.ಯಲ್ಲಿ ಲಭ್ಯವಾದವು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ಬಳಿಕ ಕಾರ್ಯಕ್ಷೇತ್ರ ಕೈರೋಗೆ ಬದಲಾಯಿತಾದರೂ ಕೆಲಸ ನಿಲ್ಲಲಿಲ್ಲ.

ಅವರ ಇನ್ನೊಂದು ಸೇವೆ ಅಷ್ಟು ಪ್ರಸಿದ್ಧವಲ್ಲ. 19ನೇ ಶತಮಾನದಿಂದೀಚೆಗೆ ಪ್ರಕಟವಾದ ಅರಬಿ ಸಾಹಿತ್ಯಿಕ, ಸಾಂಸ್ಕೃತಿಕ ಪತ್ರಿಕೆಗಳ ಸಾವಿರಾರು ಸಂಚಿಕೆಗಳನ್ನು ಸಂಗ್ರಹಿಸಿ, ಡಿಜಿಟಲ್ ರೂಪಕ್ಕೆ ತಂದು, ಲೇಖಕರ ಹೆಸರಿನಿಂದಲೇ ಹುಡುಕುವಂತೆ ಮಾಡಿ, ಉಚಿತವಾಗಿ ತೆರೆದಿಟ್ಟರು. ಧರ್ಮಗ್ರಂಥಗಳನ್ನು ಕಾಯುವವರು ಅನೇಕರಿದ್ದಾರೆ. ಹಳೆಯ ಪತ್ರಿಕೆಗಳನ್ನು ಕಾಯುವವರು ವಿರಳ. ಒಂದು ಸಮುದಾಯವು ಆಯಾ ಕಾಲದಲ್ಲಿ ಏನನ್ನು ಚಿಂತಿಸಿತು, ಯಾವುದಕ್ಕಾಗಿ ವಾದಿಸಿತು ಎಂಬುದು ಉಳಿಯುವುದು ಅಲ್ಲಿಯೇ.

2021ರಲ್ಲಿ ಇಸ್ಲಾಮ್ ಸೇವೆಗಾಗಿ ಅವರಿಗೆ ಕಿಂಗ್ ಫೈಸಲ್ ಪ್ರಶಸ್ತಿ ಸಂದಿತು. 2024ರ ಮಾರ್ಚ್‌ನಲ್ಲಿ ಅವರು ಇಹಲೋಕ ತ್ಯಜಿಸಿದರು.

ಕನ್ನಡದಲ್ಲಿ ದೀನೀ ವಿಚಾರಗಳನ್ನು ಬರೆದ ನಮ್ಮ ಹಿರಿಯರ ಪುಸ್ತಕಗಳೂ ಪತ್ರಿಕೆಗಳ ಹಳೆಯ ಸಂಚಿಕೆಗಳೂ ಇಂದು ಎಲ್ಲಿವೆ? ಕೆಲವು ಮಸೀದಿಯ ಕಪಾಟುಗಳಲ್ಲಿವೆ, ಕೆಲವು ಮನೆಯ ಅಟ್ಟಗಳಲ್ಲಿ ಗೆದ್ದಲು ಹಿಡಿಯುತ್ತಿವೆ. ಅವುಗಳನ್ನು ಉಳಿಸಲು ನಾವು ಕಂಪ್ಯೂಟರನ್ನು ಕಂಡುಹಿಡಿಯಬೇಕಾಗಿಲ್ಲ. ಆ ಕಷ್ಟವನ್ನು ಇತರರು ಪಟ್ಟಿದ್ದಾರೆ. ನಮ್ಮ ಯುವಕರ ಕೈಯಲ್ಲಿರುವ ಮೊಬೈಲಿನ ಕ್ಯಾಮೆರಾ, ಒಂದಿಷ್ಟು ಶಿಸ್ತು ಮತ್ತು ಸಹನೆಯಿಂದಲೇ ಈ ಕೆಲಸವನ್ನು ಆರಂಭಿಸಬಹುದು. ಮನುಷ್ಯನ ಮರಣಾನಂತರವೂ ಪ್ರತಿಫಲ ನಿಲ್ಲದ ಕರ್ಮಗಳಲ್ಲಿ ಉಪಯುಕ್ತ ಜ್ಞಾನವೂ ಒಂದೆಂದು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಬರೆದವರಿಗೆ ಆ ಪ್ರತಿಫಲವು ಮುಂದುವರಿಯಬೇಕಾದರೆ, ಅವರು ಬರೆದುದು ಓದುಗರಿಗೆ ಸಿಗುವಂತಿರಬೇಕು.

ಅಲ್ಲಾಹನು ಅಶ್ಶಾರಿಖರ ಸೇವೆಯನ್ನು ಸ್ವೀಕರಿಸಲಿ. ನಮ್ಮ ಪಾಲಿನ ಅಮಾನತ್ತನ್ನು ನಿರ್ವಹಿಸುವ ತೌಫೀಕನ್ನು ನಮಗೂ ಕರುಣಿಸಲಿ. ಆಮೀನ್.