ಶೋಲಾ ಆಕಾಶದ್ವೀಪಗಳು

ಶೋಲಾ ಆಕಾಶದ್ವೀಪಗಳು ಪಶ್ಚಿಮ ಘಟ್ಟದ ಎತ್ತರದ ಗಿರಿಶಿಖರಗಳಲ್ಲಿ ಹುಲ್ಲುಗಾವಲಿನ ನಡುವೆ ಬೆಳೆದ ಶೋಲಾ ಕಾಡುಗಳ ಆವಾಸಗಳಾಗಿವೆ. ಸುತ್ತಲಿನ ಬೆಚ್ಚನೆಯ ಕಣಿವೆಗಳು ಕಡಲಿನಂತೆ ಅಡ್ಡವಾಗುವುದರಿಂದ ಶಿಖರದ ಜೀವಿಗಳು ದ್ವೀಪವಾಸಿಗಳಂತೆ ಪ್ರತ್ಯೇಕಗೊಂಡಿವೆ. ಬಾಬಾಬುಡನ್‌ಗಿರಿ, ನೀಲಗಿರಿ ಮತ್ತು ಆನೆಮಲೆ ಇವುಗಳಲ್ಲಿ ಪ್ರಮುಖವಾದವು. ಹೊಸನಗರ ತಾಲೂಕಿನ ಕೊಡಚಾದ್ರಿಯ (1343 ಮೀಟರ್) ನೆತ್ತಿಯಲ್ಲೂ ಶೋಲಾ ಕಾಡು ಮತ್ತು ಹುಲ್ಲುಗಾವಲುಗಳಿವೆ.

ತಳಿವಿಜ್ಞಾನದ ಅಧ್ಯಯನಗಳು

ವಿ. ವಿ. ರಾಬಿನ್, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಇಲ್ಲಿನ ಹಕ್ಕಿಗಳ ಡಿಎನ್‌ಎಯನ್ನು ಹೋಲಿಸಿದ್ದಾರೆ. ನಿಧಾನವಾಗಿ ಬದಲಾಗುವ ಡಿಎನ್‌ಎ ಭಾಗಗಳು ಪ್ರಾಚೀನ ಅಗಲಿಕೆಯನ್ನೂ, ಬೇಗ ಬದಲಾಗುವ ಭಾಗಗಳು ಇತ್ತೀಚಿನ ಅಗಲಿಕೆಯನ್ನೂ ಸೂಚಿಸುತ್ತವೆ. 2010ರ ಅಧ್ಯಯನವು ಪಾಲಕ್ಕಾಡ್ ಕಣಿವೆಯಂತಹ ಪ್ರಾಚೀನ ಅಂತರಗಳು ಹಕ್ಕಿಗಳ ಸಮುದಾಯಗಳನ್ನು ಬೇರ್ಪಡಿಸಿರುವುದನ್ನು ತೋರಿಸಿತು. 2015ರ ಅಧ್ಯಯನವು ಎರಡು ಹಕ್ಕಿಗಳಲ್ಲಿ ಮಾನವನಿಂದಾದ ಇತ್ತೀಚಿನ ಕಾಡಿನ ಛಿದ್ರೀಕರಣದ ಪರಿಣಾಮವನ್ನೂ ಗುರುತಿಸಿತು. 2017ರಲ್ಲಿ ಇಲ್ಲಿನ ಹಕ್ಕಿಗಳಿಗಾಗಿ ಶೋಲಿಕೋಲಾ ಮತ್ತು ಮಾಂಟೆಸಿಂಕ್ಲಾ ಎಂಬ ಎರಡು ಹೊಸ ಕುಲಗಳನ್ನು ಹೆಸರಿಸಲಾಯಿತು.

ಮಹತ್ವ

ನಿಸರ್ಗವೇ ದೀರ್ಘಕಾಲ ಬೇರ್ಪಡಿಸಿದ ಸಮುದಾಯಗಳನ್ನು ಬೆರೆಸಿದರೆ ಅವುಗಳ ವೈಶಿಷ್ಟ್ಯ ಅಳಿಯಬಹುದು; ಕಾಡು ಕಡಿದುದರಿಂದ ಬೇರಾದವುಗಳನ್ನು ಮತ್ತೆ ಕಾಡು ಬೆಳೆಸಿ ಜೋಡಿಸಬೇಕಾಗುತ್ತದೆ. ಆದುದರಿಂದ ಅಗಲಿಕೆಯ ಕಾರಣ ಮತ್ತು ಕಾಲವನ್ನು ತಿಳಿಯುವುದು ಸಂರಕ್ಷಣಾ ಯೋಜನೆಗೆ ಅಗತ್ಯವಾಗಿದೆ.