ಕಾಸುಸ್ ಬೆಲ್ಲಿ: ಯುದ್ಧಕ್ಕೊಂದು ನಿಮಿತ್ತ

ಒಂದು ರಾಷ್ಟ್ರವು ಮತ್ತೊಂದರ ಮೇಲೆ ಯುದ್ಧ ಹೂಡುವಾಗ ಸಮರ್ಥನೆಯಾಗಿ ಮುಂದಿಡುವ ಘಟನೆಗೆ ‘ಕಾಸುಸ್ ಬೆಲ್ಲಿ’ ಎಂದು ಹೆಸರು. ಲ್ಯಾಟಿನ್ನಿನ ‘ಕಾಸುಸ್’ ಎಂಬುದು ‘ಬೀಳು’ ಎಂಬರ್ಥದ ‘ಕಾದೆರೆ’ ಕ್ರಿಯಾಪದದಿಂದ ಬಂದುದು. ಒದಗಿಬಂದ ಸಂಗತಿ ಎಂದು ಅದರ ಅರ್ಥ. ‘ಬೆಲ್ಲಿ’ ಎಂಬುದು ಯುದ್ಧವಾಚಕವಾದ ‘ಬೆಲ್ಲುಮ್’ ಪದದ ಷಷ್ಠೀ ವಿಭಕ್ತಿ ರೂಪ. ಪದಗಳು ಪ್ರಾಚೀನ ರೋಮನ್ನರವಾದರೂ, ಈ ಜೋಡಿಯು ಪಾರಿಭಾಷಿಕವಾಗಿ ವ್ಯಾಪಕ ಬಳಕೆಗೆ ಬಂದುದು 17 ಮತ್ತು 18ನೆಯ ಶತಮಾನಗಳ ಯೂರೋಪಿನಲ್ಲಿ, ರಾಷ್ಟ್ರಗಳ ನಡುವಣ ನ್ಯಾಯದ ಚಿಂತನೆ ರೂಪುಗೊಳ್ಳುತ್ತಿದ್ದಾಗ. ಕನ್ನಡದಲ್ಲಿ ಇದನ್ನು ‘ಯುದ್ಧನಿಮಿತ್ತ’ ಎನ್ನಬಹುದು. ಕಾರಣ ಬೇರೆ, ನಿಮಿತ್ತ ಬೇರೆ ಎಂಬ ವಿವೇಕ ಈ ಪದದಲ್ಲಿಯೇ ಅಡಗಿದೆ.

ಇದಕ್ಕೆ ಒಳ್ಳೆಯ ನಿದರ್ಶನ ಸಿಯಾಟಲ್‌ನ ವಾಯವ್ಯಕ್ಕಿರುವ ಸಾನ್ ವಾನ್ ದ್ವೀಪದಲ್ಲಿದೆ. 1846ರ ಆರೆಗಾನ್ ಒಪ್ಪಂದದಲ್ಲಿ ಕಡಲ ಗಡಿ ಅಸ್ಪಷ್ಟವಾಗಿ ಉಳಿದುದರಿಂದ ಅಮೆರಿಕ, ಬ್ರಿಟನ್ ಎರಡೂ ಈ ದ್ವೀಪ ತನ್ನದೆಂದವು. 1859ರ ಜೂನ್ 15ರಂದು ಲೈಮನ್ ಕಟ್ಲರ್ ಎಂಬ ಅಮೆರಿಕನ್ ವಲಸಿಗನು ತನ್ನ ಆಲೂಗೆಡ್ಡೆ ತೋಟಕ್ಕೆ ನುಗ್ಗಿದ ಹಡ್ಸನ್ಸ್ ಬೇ ಕಂಪನಿಯ ಹಂದಿಯನ್ನು ಗುಂಡಿಕ್ಕಿ ಕೊಂದನು. ಜಗಳ ಬೆಳೆದು, ಕ್ಯಾಪ್ಟನ್ ಜಾರ್ಜ್ ಪಿಕೆಟ್ ಅಮೆರಿಕನ್ ಸೈನಿಕರೊಡನೆ ಬಂದಿಳಿದನು. ಬ್ರಿಟಿಷ್ ಯುದ್ಧನೌಕೆಗಳು ಎದುರು ನಿಂತವು. ಗವರ್ನರ್ ಜೇಮ್ಸ್ ಡಗ್ಲಾಸ್ ತನ್ನ ಕಡೆಯ ಪಡೆಯನ್ನು ಇಳಿಸಬಯಸಿದರೂ ನೌಕಾಧಿಪತಿ ರಾಬರ್ಟ್ ಬೇನ್ಸ್ ಒಪ್ಪಲಿಲ್ಲ. ಎರಡೂ ಪಡೆಗಳು ಒಂದೇ ದ್ವೀಪದ ಎರಡು ಶಿಬಿರಗಳಲ್ಲಿ ಹನ್ನೆರಡು ವರ್ಷ ಶಾಂತವಾಗಿದ್ದವು. 1872ರಲ್ಲಿ ಮಧ್ಯಸ್ಥನಾದ ಜರ್ಮನಿಯ ಚಕ್ರವರ್ತಿ ಒಂದನೆಯ ವಿಲ್‌ಹೆಲ್ಮ್ ಅಮೆರಿಕದ ಪರವಾಗಿ ತೀರ್ಪಿತ್ತನು. ಸತ್ತದ್ದು ಹಂದಿಯೊಂದೇ.

ಮೈಸೂರಿನ ಇತಿಹಾಸ ಇದಕ್ಕೆ ವ್ಯತಿರಿಕ್ತ. 1798ರ ಜನವರಿಯಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ತಿಕ್, ಟಿಪ್ಪು ಸುಲ್ತಾನನ ಸೇವೆಗೆ ಸ್ವಯಂಸೇವಕರು ಬೇಕೆಂದು ಬಹಿರಂಗ ಪ್ರಕಟಣೆ ಹೊರಡಿಸಿದನು. ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ ಮಾತ್ರ. ಆದರೂ ಗವರ್ನರ್ ಜನರಲ್ ವೆಲ್ಲೆಸ್ಲಿ ಆ ಪ್ರಕಟಣೆಯನ್ನೇ ಹಗೆತನದ ಸಾಕ್ಷ್ಯವಾಗಿ ಹಿಡಿದನು. ಮೈಸೂರಿನ ಬಲವನ್ನು ಮುರಿಯುವ ಉದ್ದೇಶಕ್ಕೆ ನಿಮಿತ್ತ ದೊರೆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು.

1945ರ ವಿಶ್ವಸಂಸ್ಥೆಯ ಸನ್ನದು ಸದಸ್ಯ ರಾಷ್ಟ್ರಗಳ ಬಲಪ್ರಯೋಗವನ್ನು ನಿಷೇಧಿಸಿ, ಸಶಸ್ತ್ರ ದಾಳಿಯ ವಿರುದ್ಧ ಆತ್ಮರಕ್ಷಣೆಗೂ ಭದ್ರತಾ ಮಂಡಳಿಯ ಅನುಮತಿಗೂ ಮಾತ್ರ ಎಡೆಯಿತ್ತಿದೆ. ಹೀಗಾಗಿ ಹಳೆಯ ಅರ್ಥದ ಯುದ್ಧನಿಮಿತ್ತಕ್ಕೆ ಇಂದು ಕಾನೂನಿನ ಬೆಂಬಲ ಅತ್ಯಲ್ಪ. ಆದರೆ ಪದ ಬಳಕೆಯಿಂದ ಮರೆಯಾಗಿಲ್ಲ. ಅದು ಕಿವಿಗೆ ಬಿದ್ದಾಗ ಕೇಳಬೇಕಾದ ಪ್ರಶ್ನೆ ಎರಡು: ಏನು ನಡೆಯಿತು? ಅದನ್ನು ಯುದ್ಧಕ್ಕೆ ಸಾಕೆಂದು ನಿರ್ಧರಿಸಿದವರು ಯಾರು?